ಗುಂಡಕಲ್ಲಿನ ಹಾಜರಿ

ನಮ್ಮೂರಿನ ಗುಡದಪ್ಪ ಸಾರಿಗೆ ಬಸ್ಸಿನ ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿ ಎರಡು ವರ್ಷವಾಗಿತ್ತು. ಆದರೆ ಅವನ ಬಲಗೈ ಇನ್ನೂ ನಿವೃತ್ತವಾಗಿರಲಿಲ್ಲ. ನಿಂತ ಬಸ್ಸು ಕಂಡರೆ ಸಾಕು, ಆ ಕೈ ತಾನಾಗಿ ಮೇಲೆದ್ದು ಬಸ್ಸಿನ ಬೆನ್ನಿಗೆ ಎರಡು ಸಲ ಬಡಿಯುತ್ತಿತ್ತು, ಬಾಯಿ ತಾನಾಗಿ "ರೈಟ್, ರೈಟ್!" ಎನ್ನುತ್ತಿತ್ತು. ಹೊಸ ಕಂಡಕ್ಟರುಗಳು ಮೊದಮೊದಲು ಮುಖ ಸಿಂಡರಿಸಿದರು. ಆಮೇಲೆ, ಹೋಗಲಿ, ನಮ್ಮ ಕೈನೋವಾದರೂ ಉಳಿಯಿತು ಎಂದು ಸುಮ್ಮನಾದರು.

ಆ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಆದದ್ದೂ ಇಷ್ಟೇ. ಗುಡದಪ್ಪನ ಹೆಂಡತಿ ಬಸವಣ್ಣೆವ್ವ ತಂಬೂರಿನಲ್ಲಿರುವ ತಂಗಿಗೆ ಒಂದು ಡಬ್ಬಿ ಗುರೆಳ್ಳು ಚಟ್ನಿಪುಡಿ ಕಳಿಸಬೇಕಿತ್ತು. ಬಸ್ಸಿನಲ್ಲಿ ಆ ಊರಿನವರು ಯಾರಾದರೂ ಇದ್ದಾರೇನೋ ನೋಡೋಣ ಎಂದು ಮೊಮ್ಮಗಳನ್ನು ಕಂಕುಳಲ್ಲಿಟ್ಟುಕೊಂಡೇ ಹತ್ತಿದಳು. ಕೆಳಗೆ ನಿಂತಿದ್ದ ಗುಡದಪ್ಪ ಹಿಂದಿನ ಟೈರು ನೋಡಿದ, ಬಾಗಿಲಿಗೆ ಯಾರೂ ಜೋತಾಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ಡಬ್ ಡಬ್. "ರೈಟ್, ರೈಟ್!"

ಬಸ್ಸು ಹೋಯಿತು. ಹೆಂಡತಿ ಹೋದಳು, ಮೊಮ್ಮಗಳು ಹೋದಳು, ಚಟ್ನಿಪುಡಿಯೂ ಹೋಯಿತು.

"ಏ ನಿಲ್ರೋ! ನನ್ನ ಹೇಣ್ತಿ ಅದಾಳ!" ಎಂದು ಗುಡದಪ್ಪ ಹತ್ತು ಹೆಜ್ಜೆ ಓಡಿದ. ಕಿಟಕಿಯಿಂದ ಹೊರಬಂದ ಬಸವಣ್ಣೆವ್ವನ ಮುಖದಲ್ಲಿ ಗಾಬರಿಯ ಸುಳಿವೇ ಇರಲಿಲ್ಲ.

"ಇರ್ಲಿ ಬಿಡ್ರಿ! ತಂಗೀನ ಮಾತಾಡ್ಸಿ ಒಂದರ ಬಸ್ಸಿಗೆ ಬರ್ತೀನಿ! ಹೆಂಗೂ ಟಿಕೆಟ್ ಪುಕ್ಕಟ ಐತಿ!"

ಸರಕಾರ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದಂದಿನಿಂದ ಬಸವಣ್ಣೆವ್ವನಿಗೆ ತಪ್ಪು ಬಸ್ಸು ಎಂಬುದೇ ಇರಲಿಲ್ಲ. ಎಲ್ಲಿಗೆ ಹೋದರೂ ಅವಳಿಗೆ ಲಾಭವೇ.

ಗುಡದಪ್ಪನಿಗೂ ಮರುಕ್ಷಣ ಹಗುರವೆನಿಸಿತು. ಒಂದೂವರೆ ವರ್ಷದ ಮೊಮ್ಮಗಳು ಸೃಷ್ಟಿಯನ್ನು ಹಗಲೆಲ್ಲ ನೋಡಿಕೊಳ್ಳುವುದು ಅವನ ಡ್ಯೂಟಿ. ಹೆಂಡತಿಗೆ ಮೊಣಕಾಲು ನೋವು, ಅದು ಬಸ್ಸು ಹತ್ತುವಾಗ ಮಾತ್ರ ಇರುವುದಿಲ್ಲ. ಮಗ ಸಿದ್ಧಲಿಂಗ ಏಳಕ್ಕೇ ಹುಬ್ಬಳ್ಳಿಯ ಗ್ಯಾರೇಜಿಗೆ ಹೋಗುವವನು. ಸೊಸೆ ಭಾಗ್ಯಾ ಹೊಲದ ಕೆಲಸದ ನಡುವೆ ಬಂದು ಕೂಸಿಗೆ ಉಣಿಸಿ ಹೋಗುವವಳು. ಹೀಗಾಗಿ ನಿವೃತ್ತಿಯಾದ ದಿನ ಗುಡದಪ್ಪ ಇಟ್ಟುಕೊಂಡ ಒಂದೇ ಒಂದು ಆಸೆ ಹಾಗೇ ಉಳಿದಿತ್ತು. ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ನಿಂತೇ ಓಡಾಡಿದವನು ಒಮ್ಮೆಯಾದರೂ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಗೋಕರ್ಣಕ್ಕೆ ಹೋಗಿ ಸಮುದ್ರ ನೋಡಬೇಕು. ಅದಕ್ಕೆಂದು ಹೊಸ ಟವೆಲ್ಲು, ಪಂಚೆ, ಸಾಬೂನು ತುಂಬಿದ ಕೈಚೀಲವೊಂದು ಗೂಟಕ್ಕೆ ನೇತಾಡಲು ಶುರುಮಾಡಿ ಎಂಟು ತಿಂಗಳಾಗಿತ್ತು.

ಆ ಚೀಲಕ್ಕೆ ಬಿಡುಗಡೆಯ ಕಾಲ ಈಗ ಹತ್ತಿರ ಬಂದಿತ್ತು. ಹಳೇ ಶಾಲೆಯ ಕೋಣೆಗೆ ಬಣ್ಣ ಬಳಿದು, ಗೋಡೆಗೆ ಆನೆ ನವಿಲು ಬರೆಸಿ, "ಕೂಸಿನ ಮನೆ" ಎಂದು ಹಲಗೆ ಹಾಕಿದ್ದರು. ದುಡಿಯಲು ಹೋಗುವ ತಾಯಂದಿರು ಮೂರು ವರ್ಷದೊಳಗಿನ ಮಕ್ಕಳನ್ನು ಬೆಳಿಗ್ಗೆ ಬಿಟ್ಟು ಸಂಜೆ ಕರೆದೊಯ್ಯಬಹುದು. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಆಟ-ಪಾಠ, ಖರ್ಚಿಲ್ಲ. ಸೋಮವಾರ ಶುರು. ಅದೇ ಸೋಮವಾರ ಸೊಸೆ ಭಾಗ್ಯಾ ಕಲಘಟಗಿಯ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಬೇಕು. ಅವಳು ಪಾಸಾದ ಲ್ಯಾಬ್ ಕೋರ್ಸಿನ ಸರ್ಟಿಫಿಕೇಟು ಮೂರು ವರ್ಷದಿಂದ ಟ್ರಂಕಿನಲ್ಲಿ ಮದುವೆಯ ಸೀರೆಯ ಕೆಳಗೆ ಮಲಗಿತ್ತು. ಸೋಮವಾರ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಲ್ಯಾಬಿನವರು ಖಡಾಖಂಡಿತ ಹೇಳಿದ್ದರು. ಶನಿವಾರ ತಾಲೂಕಿನಿಂದ ಮೇಡಮ್ಮು ಬಂದು ಕೂಸಿನ ಮನೆ ನೋಡಿ ಸಹಿ ಮಾಡಿದರೆ ಮುಗಿಯಿತು.

ಗುಡದಪ್ಪ ಮನೆಯತ್ತ ತಿರುಗುವಷ್ಟರಲ್ಲಿ ಪಂಚಾಯ್ತಿ ಮೆಂಬರ್ ಈರಪ್ಪನ ಮೋಟರ್‌ಸೈಕಲ್ಲು ಎದುರಿಗೆ ಬಂದು ನಿಂತಿತು.

"ಗುಡದಪ್ಪಾ, ಕೆಟ್ಟಿತಲ್ಲೋ! ಮೇಡಮ್ಮರು ನಾಳೆ ಅಲ್ಲ, ಇವತ್ತ ಹನ್ನೊಂದಕ್ಕ ಬರ್ತಾರಂತ. ಇಪ್ಪತ್ತೈದು ಹುಡುಗೂರು ಅಂತ ಕಾಗದದಾಗ ಬರದಾರ. ಒಂದು ಕಡಿಮಿ ಬಿತ್ತಂದ್ರ ಕೂಸಿನ ಮನಿ ಬಾಜೂ ಊರಿಗೆ ಹೋಕ್ಕೈತಿ ನೋಡು!"

"ಹೆಸರು ಹಚ್ಚಿದವು ಎಷ್ಟು ಅದಾವು?"

"ಬರೋಬ್ಬರಿ ಇಪ್ಪತ್ತೈದು. ನಿಮ್ಮ ಸೃಷ್ಟಿನ್ನ ಹಿಡದು."

ಗುಡದಪ್ಪ ಬಸ್ಸು ಎಬ್ಬಿಸಿ ಹೋದ ಧೂಳನ್ನೇ ನೋಡುತ್ತ ನಿಂತ.

ಹೆಂಡತಿಗೆ ಫೋನ್ ಹಚ್ಚಿದ. ಅದು ಅವನದೇ ಮನೆಯ ಗೋಡೆಗೂಡಿನಲ್ಲಿ ರಿಂಗಾಯಿತು. ಫೋನನ್ನು ಚಾರ್ಜಿಗೆ ಹಾಕಿ, ಚಟ್ನಿಪುಡಿಯನ್ನು ಮಾತ್ರ ನೆನಪಿಟ್ಟು ಒಯ್ದಿದ್ದಳು ಮಹಾತಾಯಿ.

"ನೀ ಚಿಂತೀ ಬಿಡು, ನಾ ಹೋಗಿ ಕೂಸು ತರ್ತೀನಿ" ಎಂದು ಈರಪ್ಪ ತಂಬೂರಿಗೆ ಗಾಡಿ ಬಿಟ್ಟ. ಎರಡು ತಾಸಿಗೆ ತಿರುಗಿ ಬಂದವನ ಕೈಯಲ್ಲಿದ್ದದ್ದು ಖಾಲಿ ಡಬ್ಬಿ. "ಅಕ್ಕ ತಂಗಿ ಇಬ್ಬರೂ ಕೂಸಿನ್ನ ಎತ್ತಿಗೊಂಡು ಏನೋ ಕೆಲಸ ಐತಿ ಅಂತ ಕಲಘಟಗಿ ಬಸ್‌ಸ್ಟ್ಯಾಂಡಿಗೆ ಹ್ವಾದ್ರಂತ. ಮನಿಗೆ ಕೀಲಿ ಬಿದ್ದೈತಿ. ಇನ್ನ ಅಲ್ಲಿಗೆ ಹೋಗಿ ಹುಡಕೂದ್ರಾಗ ಹನ್ನೊಂದು ದಾಟತೈತಿ. ಬಾಜೂದವರು ಈ ಡಬ್ಬಿ ಕೊಟ್ರು, ನಿಮ್ಮದಂತಲ್ಲ?"

ಅಷ್ಟೊತ್ತಿಗೆ ಕೂಸಿನ ಮನೆಯಲ್ಲಿ ಇಪ್ಪತ್ನಾಲ್ಕು ಮಕ್ಕಳು ಬಂದು ಸೇರಿ ಇಡೀ ಕೋಣೆ ಸಂತೆಯಾಗಿತ್ತು. ನೋಡಿಕೊಳ್ಳಲು ನೇಮಕವಾದವಳು ನಸೀಮಾಬಿ. ಆರು ಮಕ್ಕಳನ್ನು ಸಾಕಿ ದಡ ಮುಟ್ಟಿಸಿದ ಹೆಂಗಸು, ಮೇಲಾಗಿ ಒಂದು ವಾರ ತರಬೇತಿಯನ್ನೂ ಮುಗಿಸಿ ಬಂದಿದ್ದಳು. ಅವಳ ಜೊತೆ ಇನ್ನೊಬ್ಬಾಕೆ ಇರಬೇಕಿತ್ತು. ಆ ಹುಡುಗಿ ಮದುವೆ ಗೊತ್ತಾಗಿ ಕೆಲಸ ಬಿಟ್ಟಿದ್ದಳು. ನಸೀಮಾಬಿ ಒಂದು ಮಗುವಿನ ಮೂಗು ಒರೆಸುವಷ್ಟರಲ್ಲಿ ಇನ್ನೆರಡು ಹೊಸ್ತಿಲು ದಾಟುತ್ತಿದ್ದವು.

"ಗುಡದಪ್ಪಣ್ಣಾ, ಬಾಗಲದಾಗ ಕುಂದರೋ! ಇಲ್ಲಾಂದ್ರ ಇಪ್ಪತ್ನಾಕೂ ಉಳಿಯಾಂಗಿಲ್ಲ!" ಎಂದು ಕೂಗಿದಳು.

ಈರಪ್ಪನ ತಲೆ ಮಾತ್ರ ಇಪ್ಪತ್ತೈದನೆಯದರ ಮೇಲೇ ಇತ್ತು. ಒಂದನೇ ಇಯತ್ತೆಯ ತನ್ನ ಮೊಮ್ಮಗ ಪ್ರತಾಪನನ್ನು ಸಾಲೆ ಬಿಡಿಸಿ ಎಳೆತಂದ. "ಮುಂದಿನ ಹಲ್ಲು ಬಿದ್ದಾವ. ಇನ್ನೂ ಬಂದಿಲ್ಲ ಅಂತ ಹೇಳಿದ್ರಾತು" ಎಂದು ಅವನಿಗೆ ಕೂಸಿನ ಕುಲಾಯಿ ಟೋಪಿ ಕಟ್ಟಿ ಕೂರಿಸಿದ.

"ವಯಸ್ಸೆಷ್ಟೋ?" ಎಂದು ನಸೀಮಾಬಿ ಪರೀಕ್ಷೆ ಮಾಡಿದಳು.

"ಎರಡು" ಎಂದ ಪ್ರತಾಪ. ಆಮೇಲೆ ಸೇರಿಸಿದ, "ಖರೇ ಆರು. ಅಜ್ಜ ಎರಡು ಅನ್ನು ಅಂದಾನ."

ಅವನನ್ನು ಸಾಲೆಗೆ ಹಿಂದಕ್ಕೆ ಕಳಿಸಲಾಯಿತು.

ಕೂಸಿನ ಮನೆಯ ಎದುರು ಮನೆಯೇ ಮಲ್ಲಮ್ಮನದು. ಅಂದು ಅವಳ ಮೊಮ್ಮಗುವಿನ ಹೆಸರಿಡುವ ಕಾರ್ಯ. ಅಂಗಳದ ತುಂಬ ಬೀಗರು. ಗುಡದಪ್ಪ ಮರ್ಯಾದೆ ಬಿಟ್ಟು ಕೇಳಿಯೇಬಿಟ್ಟ. "ಮಲ್ಲಮ್ಮಕ್ಕ, ಅರ್ಧ ತಾಸು ಕೂಸಿನ್ನ ಕೊಡಬೇ. ಮೇಡಮ್ಮರು ಎಣಿಸಿ ಹೋದಕೂಡ್ಲೇ ತಂದು ಕೊಡ್ತೀನಿ."

"ತಲಿ ನೆಟ್ಟಗೈತೇನೋ? ಹೆಸರಿಟ್ಟಿಲ್ಲ, ಕಿವ್ಯಾಗ ಕುರ್ರ್ ಅಂತ ಹೆಸರು ಹೇಳಿಲ್ಲ, ಹನ್ನೆರಡು ದಿನದ ಕೂಸಿನ್ನ ಹೊಸ್ತಿಲ ದಾಟಿಸಿ ಸರಕಾರಕ್ಕ ತೋರಸ್ತೀಯಾ?" ಎಂದು ಮಲ್ಲಮ್ಮ ಏರಿಹೋದಳು. ಆದರೆ ಕೂಸಿನ ಮನೆಯ ಕಿಟಕಿಯಲ್ಲಿ ಮುಖ ಬಾಡಿಸಿಕೊಂಡು ನಿಂತಿದ್ದ ಭಾಗ್ಯಾಳನ್ನು ಕಂಡು ಅವಳ ದನಿ ಇಳಿಯಿತು. ಮಲ್ಲಮ್ಮನದು ಬಾಯಿ ದೊಡ್ಡದು, ಕರುಳು ಅದಕ್ಕಿಂತ ದೊಡ್ಡದು. "ಕೂಸು ಕೊಡಾಂಗಿಲ್ಲ. ಬೇಕಾದ್ರ ಗುಂಡಪ್ಪನ್ನ ಒಯ್ಯಿ" ಎಂದಳು.

ಹೆಸರಿಡುವ ದಿನ ಕೂಸಿಗಿಂತ ಮೊದಲು ಒರಳಿನ ಗುಂಡಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ, ಕಾಡಿಗೆಯ ಬೊಟ್ಟಿಟ್ಟು, ತೊಟ್ಟಿಲಲ್ಲಿ ಮಲಗಿಸಿ ತೂಗುವುದು ನಮ್ಮ ಕಡೆಯ ರೂಢಿ. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಆ ಶಾಸ್ತ್ರ ಆಗಷ್ಟೇ ಮುಗಿದಿತ್ತು. ಗುಂಡಪ್ಪ ಕೆಂಪು ಕುಂಚಿಗೆಯಲ್ಲಿ, ಕಣ್ಣು ಮೂಗು ಬರೆಸಿಕೊಂಡು, ನಿಜವಾದ ಕೂಸಿಗಿಂತ ಲಕ್ಷಣವಾಗಿ ಮಲಗಿದ್ದ.

ಇಪ್ಪತ್ತೆಂಟು ವರ್ಷದಲ್ಲಿ ಒಂದೂ ಸುಳ್ಳು ಟಿಕೆಟ್ ಹರಿಯದ ಗುಡದಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಆದರೆ ಭಾಗ್ಯಾ ಬೆಳಗಿನ ಜಾವವೇ ಎದ್ದು ಸೋಮವಾರ ಉಡುವ ಸೀರೆಗೆ ಇಸ್ತ್ರಿ ಮಾಡಿದ್ದನ್ನು ಅವನು ನೋಡಿದ್ದ. ಗುಂಡಪ್ಪನನ್ನು ಎದೆಗವಚಿಕೊಂಡು ರಸ್ತೆ ದಾಟಿ, ಮೂಲೆಯ ತೊಟ್ಟಿಲಲ್ಲಿ ಮಲಗಿಸಿ, ಮೇಲೊಂದು ದುಪ್ಪಟಿ ಹೊದಿಸಿದ. ತೊಟ್ಟಿಲಿನ ಹಗ್ಗ ಕಿರ್ರೆಂದಿತು.

ಹನ್ನೊಂದಕ್ಕೆ ಸರಿಯಾಗಿ ರೋಹಿಣಿ ಮೇಡಮ್ಮು ಬಂದರು. ಕುಂದಗೋಳ ಕಡೆಯವರು, ಮೂವತ್ತೈದರ ಆಸುಪಾಸು, ನಗದೇ ಮಾತಾಡುವ ಅಭ್ಯಾಸ. ಅಡುಗೆ ನೋಡಿದರು, ನೀರು ನೋಡಿದರು, ಮಣೆ ಅಲ್ಲಾಡಿಸಿ ನೋಡಿದರು. ಆಮೇಲೆ ಎಣಿಸಲು ನಿಂತರು.

ಎರಡು ವರ್ಷದ ಮಕ್ಕಳನ್ನು ಎಣಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ. ಮೊದಲ ಸಲ ಇಪ್ಪತ್ತೊಂದಾಯಿತು, ಎರಡನೇ ಸಲ ಇಪ್ಪತ್ತೇಳು. ಒಂದು ಮಗು ಎರಡು ಕಡೆ ಎಣಿಸಿಕೊಂಡಿತು, ಇನ್ನೊಂದು ಮೇಡಮ್ಮರ ಕಾಲ ಸಂದಿಯಲ್ಲಿ ಅಡಗಿತು, ಮತ್ತೊಂದು ಅವರ ಪೆನ್ನು ಕಸಿದುಕೊಂಡು ಬಾಯಿಗೆ ಹಾಕಿತು. ಒಬ್ಬಳು ಅಳಲು ಶುರುಮಾಡಿದ್ದೇ ತಡ, ಎಲ್ಲರೂ ಸೇರಿಕೊಂಡರು.

ಗುಡದಪ್ಪನಿಗೆ ತಡೆಯಲಾಗಲಿಲ್ಲ. ಸೀಟು ಹಿಡಿಯದ ಪ್ರಯಾಣಿಕರನ್ನು ಕಂಡರೆ ಅವನಿಗೆ ಮೈ ಉರಿಯುವುದು ಹಳೆಯ ರೋಗ.

"ಏ, ಒಳಗ ಸರೀರಿ, ಒಳಗ ಸರೀರಿ! ಇಬ್ಬರಿಬ್ಬರು ಕುಂದರ್ರಿ! ಬಾಗಲದಾಗ ಯಾರೂ ನಿಂದರಬ್ಯಾಡ್ರಿ!"

ಕೋಣೆ ಒಮ್ಮೆಲೇ ಗಪ್ಪಾಯಿತು. ಗುಡದಪ್ಪ ಚಾಪೆಗಳನ್ನು ಎರಡು ಸಾಲು ಹಾಸಿ, ನಡುವೆ ದಾರಿ ಬಿಟ್ಟು, ಮಕ್ಕಳನ್ನು ಜೋಡಿ ಜೋಡಿಯಾಗಿ ಕೂರಿಸಿದ. ಅಂಗಳದ ಬೇವಿನ ಎಲೆ ಹರಿದು ಎಲ್ಲರಿಗೂ ಒಂದೊಂದು ಟಿಕೆಟ್ ಕೊಟ್ಟ. "ನಿಂದೊಂದು, ನಿಂದೆರಡು, ನಿಂದು ಮೂರು..." ಆಮೇಲೆ ಗೋಡೆಗೆ ಡಬ್ ಡಬ್ ಬಡಿದ. "ರೈಟ್, ರೈಟ್! ತಂಬೂರ ಬಂತು, ಎಮ್ಮಿ ಹೆಂಗ ಒದರತೈತಿ?" "ಅಂಬಾ!" "ದೇವಿಕೊಪ್ಪ ಬಂತು, ಮಂಗ್ಯಾ ಹೆಂಗ ಕುಣೀತೈತಿ?" ಅಳುತ್ತಿದ್ದವರು ಮಂಗಗಳಾದರು. "ದುಮ್ಮವಾಡ ಬಂತು, ಎಲ್ಲಾರೂ ಕಣ್ಣು ಮುಚ್ರಿ, ರಾತ್ರಿ ಬಸ್ಸು ಇದು..." ಎಂದು ಇಂಜಿನ್ನಿನ ಹಾಗೆ ಗುರ್ ಗುರ್ ಎನ್ನುತ್ತ ನಡುವೆ ಕೂತ. ದುಮ್ಮವಾಡ ದಾಟುವಷ್ಟರಲ್ಲಿ ಅರ್ಧ ಬಸ್ಸು ತೂಕಡಿಸುತ್ತಿತ್ತು; ಇಬ್ಬರು ಅವನ ತೊಡೆಯ ಮೇಲೆ, ಒಬ್ಬ ಹೆಗಲಿಗೆ.

ಮೇಡಮ್ಮು ಮೆಲ್ಲಗೆ ಎಣಿಸಿದರು. "ಇಪ್ಪತ್ನಾಕು."

"ತೊಟ್ಟಲದಾಗೊಂದು ಐತ್ರಿ" ಎಂದು ಈರಪ್ಪ ಹಲ್ಲು ಕಿರಿದ.

ಮೇಡಮ್ಮು ತೊಟ್ಟಿಲ ಬಳಿ ಹೋಗಿ ದುಪ್ಪಟಿಯ ಅಂಚು ಸರಿಸಿ ಬಹಳ ಹೊತ್ತು ನೋಡಿದರು. "ಹೆಸರೇನ್ರಿ ಅಜ್ಜಾರ?"

"ಗು... ಗುಂಡಪ್ಪ ಅಂತ್ರಿ."

"ಭಾಳ ಶಾಂತ ಸ್ವಭಾವ. ಎಷ್ಟು ದಿನದ ಕೂಸು?"

"ಹನ್ನೆರಡು ದಿನಾತ್ರಿ" ಎಂದಳು ನಸೀಮಾಬಿ, ಅಲ್ಲಾನನ್ನು ನೆನೆದು.

"ತೂಕ ಬರೀಬೇಕು. ಎತ್ತರಿ."

"ಮಲಗ್ಯಾನ್ರಿ..."

"ಇಂಥಾ ಕೂಸು ಏಳಾಂಗಿಲ್ಲ. ಎತ್ತರಿ."

ನಸೀಮಾಬಿ ಸೊಂಟ ಹಿಡಿದುಕೊಂಡು ಎತ್ತಿದಳು. ಮಕ್ಕಳ ತೂಕದ ತಟ್ಟೆ ಡಣ್ ಎಂದಿತು. ಮೇಡಮ್ಮು ಬಗ್ಗಿ ಮುಳ್ಳು ನೋಡಿದರು. "ಒಂಬತ್ತು ಕಿಲೋ ನಾಕನೂರು ಗ್ರಾಂ. ಹನ್ನೆರಡು ದಿನಕ್ಕ! ಈ ಊರಾಗ ಬಾಣಂತ್ಯಾರಿಗೆ ಏನು ಉಣಸ್ತೀರಿ?"

"ಅಳವಿ ಪಾಯಸಾ ರೀ" ಎಂದ ಈರಪ್ಪ. ಗುಡದಪ್ಪನ ಬೆವರು ತೊಡೆಯ ಮೇಲೆ ಮಲಗಿದ್ದ ಮಗುವಿನ ಹಣೆಗೆ ತೊಟ್ಟಿಕ್ಕಿತು.

ಆಗ ಬಾಗಿಲಲ್ಲಿ ಮಲ್ಲಮ್ಮ ಪ್ರತ್ಯಕ್ಷಳಾದಳು. ಕೈತುಂಬ ಹಸಿಮೆಣಸಿನಕಾಯಿ.

"ಏ ಗುಡದಪ್ಪಾ, ಮುಗೀತಿಲ್ಲೋ ನಿಮ್ಮ ಎಣಿಕಿ? ಕರೆಂಟ್ ಹೋಗೇತಿ, ಮಿಕ್ಸರ್ ನಡೀವಲ್ದು, ಬೀಗರು ಎಲಿ ಮುಂದ ಕುಂತಾರ! ನನ್ನ ಗುಂಡಕಲ್ಲು ಕೊಡು, ಚಟ್ನಿ ಅರೀಬೇಕು!"

ಕಿಟಕಿಯಲ್ಲಿದ್ದ ತಾಯಂದಿರೆಲ್ಲ ಒಟ್ಟಿಗೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಈರಪ್ಪ ಗೋಡೆಯ ಮೇಲಿನ ಆನೆಯನ್ನು ಮೊದಲ ಸಲ ನೋಡುವವನ ಹಾಗೆ ನೋಡತೊಡಗಿದ. ಗುಡದಪ್ಪ ಕೈಮುಗಿದ. "ಮೇಡಮ್ಮರ, ತಪ್ಪು ನಂದೈತ್ರಿ. ಇಪ್ಪತ್ತೈದನೇ ಕೂಸು ನನ್ನ ಮೊಮ್ಮಗಳು. ಆಕಿನ್ನ ನಾನಽ ಮುಂಜಾನೆ ರೈಟ್ ಅಂತ ಬಸ್ಸಿಗೆ ಕಳಿಸಿಬಿಟ್ಟೆ. ಶಿಕ್ಷಾ ನನಗ ಕೊಡ್ರಿ. ಕೂಸಿನ ಮನಿ ಮಾತ್ರ ಬಾಜೂ ಊರಿಗೆ ಕೊಡಬ್ಯಾಡ್ರಿ. ನನ್ನ ಸೊಸಿ ಕಲತಾಕಿ. ಈ ಹುಡುಗೂರ ಅವ್ವಂದಿರೆಲ್ಲ ದುಡ್ಯಾಕ ಹೋಗಬೇಕು."

ಮೇಡಮ್ಮರು ಗುಂಡಪ್ಪನ ಕುಂಚಿಗೆ ಬಿಚ್ಚಿ ಮಡಚಿ, ಕಲ್ಲನ್ನು ತಾವೇ ಎತ್ತಿ ಮಲ್ಲಮ್ಮನ ಕೈಗಿಟ್ಟರು. ಆಗ ಅವರಿಗೆ ನಗು ಬಂತು. ಒಮ್ಮೆ ಬಂದದ್ದು ಬಹಳ ಹೊತ್ತು ಹತೋಟಿಗೆ ಬರಲಿಲ್ಲ.

"ಬಾಜೂ ಊರಿಗೆ ಕೊಡ್ತೀನಂತ ಯಾರು ಹೇಳಿದ್ರಿ? ಕಾಗದ ಓದ್ರಿ ಮೆಂಬರ್ರ. 'ಇಪ್ಪತ್ತೈದಕ್ಕಿಂತ ಹೆಚ್ಚು ಮಕ್ಕಳನ್ನು ಸೇರಿಸಬಾರದು' ಅಂತ ಐತಿ."

"ಚಸ್ಮಾ ಮನ್ಯಾಗ ಬಿಟ್ಟಿದ್ನಿರಿ" ಎಂದ ಈರಪ್ಪ. "ಇಪ್ಪತ್ತೈದು ಅನ್ನೂದಷ್ಟ ದೊಡ್ಡದಾಗಿ ಕಾಣತಿತ್ತು."

"ಆದ್ರ ಒಂದು ತಲಿ ಕಡಿಮಿ ಇರೂದು ಖರೇ" ಎಂದರು ಮೇಡಮ್ಮರು, ಈಗ ನಗದೆ. "ಹುಡುಗೂರದಲ್ಲ, ದೊಡ್ಡವರದು. ನಮ್ಮವ್ವ ನನ್ನ ಜಾಲಿಗಿಡಕ್ಕ ಸೀರಿ ಕಟ್ಟಿ ಅದರಾಗ ಮಲಗ್ಸಿ ಕಳೆ ತಗೀತಿದ್ಲು. ಒಂದು ಕಣ್ಣು ಕಳೆ ಮ್ಯಾಲ, ಒಂದು ಕಣ್ಣು ನನ್ನ ಮ್ಯಾಲ. ಅಂಥಾ ನೋಡೂದು ಇಲ್ಲಿ ಬ್ಯಾಡ. ಇಷ್ಟು ಕೂಸಿಗೆ ನಸೀಮಾಬಿ ಒಬ್ಬಾಕಿನ್ನ ಬಿಟ್ಟು ನಾ ಸಹಿ ಮಾಡಾಂಗಿಲ್ಲ. ಎರಡನೇದವರು ಎಲ್ಲಿ?"

ನಸೀಮಾಬಿ ಗುಡದಪ್ಪನನ್ನು ನೋಡಿದಳು. ಮಲ್ಲಮ್ಮ ನೋಡಿದಳು. ಈರಪ್ಪ ನೋಡಿದ. ಮೇಡಮ್ಮರು, ತೊಡೆಯ ಮೇಲಿಬ್ಬರು ಹೆಗಲ ಮೇಲೊಬ್ಬ ಮಲಗಿ ಅಲ್ಲಾಡಲಾಗದೆ ಕೂತಿದ್ದ ಆ ಮಾಜಿ ಕಂಡಕ್ಟರನನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದರು.

"ಇನ್ನೊಬ್ಬಾಕಿ ಸಿಗೂತನಕ ಅಷ್ಟ ರೀ ಅಜ್ಜಾರ. ಎಣಿಕಿ, ಮಾತು, ಹಾಡು, ನಿದ್ದಿ, ಎಲ್ಲಾ ಒಂದಽ ಬಸ್ಸಿನಾಗ ಕಲಿಸಿದ್ರಿ. ಇದಕ್ಕ ನಾವು ತರಬೇತಿ ಕೊಡ್ತೀವ್ರಿ."

ಗುಡದಪ್ಪ ಗೋಕರ್ಣದ ಮಾತು ಆಡಲು ಬಾಯಿ ತೆರೆದ. ಕಿಟಕಿಯಲ್ಲಿ ಭಾಗ್ಯಾ ನಿಂತಿದ್ದಳು. ಅವಳು ಏನೂ ಕೇಳಲಿಲ್ಲ. ಹಿಂದೆ ಬಸವಣ್ಣೆವ್ವನೂ ಕೇಳಿರಲಿಲ್ಲ. ಇವನು ಡಬಲ್ ಡ್ಯೂಟಿ ಮಾಡುತ್ತಿದ್ದ ಕಾಲದಲ್ಲಿ ಸಿದ್ಧಲಿಂಗನನ್ನು ಬೆನ್ನಿಗೆ ಕಟ್ಟಿಕೊಂಡು ಸುಗ್ಗಿ ಮಾಡಿದ್ದಳು, ಒಂದು ದಿನವೂ ಕೂಸು ಹಿಡಿ ಎಂದಿರಲಿಲ್ಲ. ಅವಳ ಮೊಣಕಾಲು ನೋವು ಎಲ್ಲಿಂದ ಬಂತೆಂದು ಗುಡದಪ್ಪನಿಗೆ ಈಗ ತಿಳಿದು ನಾಚಿಕೆಯಾಯಿತು.

"ಆತ್ರಿ" ಎಂದ.

ಭಾಗ್ಯಾ ಒಳಗೆ ಬಂದು ಅವನ ಕಾಲು ಮುಟ್ಟಿದಳು. "ಮಾವಾರ, ನನ್ನ ಹಡದಪ್ಪ ಇಷ್ಟು ಮಾಡತಿದ್ದಿಲ್ರಿ" ಎಂದಳು, ಕಣ್ಣು ತುಂಬಿ. ಗುಡದಪ್ಪ ಆಶೀರ್ವಾದ ಮಾಡಲು ಕೈಯೆತ್ತಲು ನೋಡಿದ. ಹೆಗಲಿನ ಮಗು ಕೊಸರಿತು, ಸುಮ್ಮನಾದ. ಮೇಡಮ್ಮರು ಸಹಿ ಮಾಡಿದರು. ಮಲ್ಲಮ್ಮ ಎಲ್ಲರಿಗೂ ಹೋಳಿಗೆ, ಮತ್ತು ಗುಂಡಪ್ಪ ಅರೆದ ಚಟ್ನಿ ಕಳಿಸಿದಳು. ಅಂಥ ಚಟ್ನಿ ತಾನು ಹುಟ್ಟಿದಾಗಿನಿಂದ ತಿಂದಿಲ್ಲ ಎಂದು ನಸೀಮಾಬಿ ಎರಡು ಸಲ ಹೇಳಿದಳು.

ಒಂದರ ಬಸ್ಸಿಗೆ ಬಸವಣ್ಣೆವ್ವ ಇಳಿದಳು. 'ನಾ ಇಲ್ಲದಾಗ ಏನೇನ್ ಮಾಡಿದ್ರಿ' ಎಂದು ಕೇಳುವ ವ್ಯವಧಾನವೂ ಅವಳಿಗೆ ಇರಲಿಲ್ಲ.

"ಏನ್ರಿ, ಕಲಘಟಗಿ ಬಸ್‌ಸ್ಟ್ಯಾಂಡಿಗೆ ಹೋಗಿ ಎಲ್ಲಾ ಕೇಳಿಕೊಂಡು ಬಂದೀನ್ರಿ. ಸೋಮವಾರ ಮುಂಜಾನೆ ನಾನೂ ತಂಗೀನೂ ಗೋಕರ್ಣಕ್ಕ ಹೊಂಟೀವಿ! ನೀವು ಎಂಟು ತಿಂಗಳಿಂದ ಸಮುದ್ರ ಸಮುದ್ರ ಅನ್ನಾಕ ಹತ್ತೀರಿ, ನಿಮ್ಮನ್ನ ಬಿಟ್ಟು ಹೋಗಾಕ ಮನಸ ಬರವಲ್ದು. ಸೋಮವಾರದಿಂದ ಕೂಸಿನ ಮನಿ ಚಾಲೂ ಆಕ್ಕೈತಿ, ನಿಮಗೇನೂ ಕೆಲಸಿಲ್ಲ, ನೀವೂ ಬರ್ರಿ."

ಗುಡದಪ್ಪ ನಡೆದದ್ದನ್ನೆಲ್ಲ ಹೇಳಿದ. ಬಸವಣ್ಣೆವ್ವ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಮದುವೆಯಾದ ಮೂವತ್ತೈದು ವರ್ಷದಲ್ಲಿ ಹಾಗೆ ನೋಡಿರಲಿಲ್ಲ.

"ಚಲೋ ಮಾಡಿದ್ರಿ" ಎಂದಳು. ಆಮೇಲೆ ಒಳಗೆ ಹೋಗಿ ಗೂಟದಿಂದ ಕೈಚೀಲ ಇಳಿಸಿದಳು. "ಹಂಗಾರ ಇದನ್ನ ನಾ ಒಯ್ತೀನಿ. ತುಂಬಿದ್ದು ತಯಾರಽ ಐತಿ."

ಸೋಮವಾರ ಬೆಳಿಗ್ಗೆ ಎಂಟರ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಬಸವಣ್ಣೆವ್ವ ಕೂತಳು, ತೊಡೆಯ ಮೇಲೆ ಗುಡದಪ್ಪನ ಚೀಲ. ಹಿಂದಿನ ಸೀಟಿನಲ್ಲಿ ಇಸ್ತ್ರಿ ಮಾಡಿದ ಸೀರೆಯುಟ್ಟ ಭಾಗ್ಯಾ, ಕೈಯಲ್ಲಿ ಸರ್ಟಿಫಿಕೇಟಿನ ಫೈಲು. ಅವಳ ಹಿಂದೆ ಗಾರೆ ಕೆಲಸಕ್ಕೆ, ಸಸಿಗಳ ನರ್ಸರಿಗೆ, ಹೊಲಿಗೆಗೆ ಹೊರಟ ಆರೇಳು ತಾಯಂದಿರು, ಮೊದಲ ಸಲ ಕಂಕುಳು ಖಾಲಿಯಾಗಿ ಕೈ ಎಲ್ಲಿಡಬೇಕೆಂದು ತಿಳಿಯದವರು. ಎಲ್ಲರೂ ಕಿಟಕಿಯಿಂದ ಗುಡದಪ್ಪನಿಗೆ ಕೈಮುಗಿದರು. ಅವನಿಗೆ ಸಮುದ್ರ ನೋಡಿದ್ದರೂ ಇಷ್ಟು ತುಂಬಿ ಬರುತ್ತಿತ್ತೋ ಇಲ್ಲವೋ.

ಕೈ ತಾನಾಗಿ ಮೇಲೆದ್ದಿತು. ಈ ಸಲ ಗುಡದಪ್ಪ ಅದನ್ನು ನಡುವೆಯೇ ತಡೆದು, ಮೊದಲು ತನ್ನ ಕಂಕುಳು ನೋಡಿಕೊಂಡ. ಸೃಷ್ಟಿ ಅಲ್ಲೇ ಇದ್ದಳು. ಆಮೇಲೆ ಬಡಿದ, ಡಬ್ ಡಬ್.

ಅವನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ, ಕೂಸಿನ ಮನೆಯ ಬಾಗಿಲಲ್ಲಿ ನಸೀಮಾಬಿಯ ಸೆರಗು ಹಿಡಿದು ನಿಂತಿದ್ದ ಇಪ್ಪತ್ನಾಲ್ಕು ಮಂದಿ ಕೂಗಿದರು: "ಲೈಟ್, ಲೈಟ್!"

ಬಸ್ಸು ಹೊರಟಿತು. ಗುಡದಪ್ಪ ತಿರುಗಿ ನಡೆದ. ಅವನ ಕಂಕುಳು ಬೆಚ್ಚಗೆ ಒದ್ದೆಯಾಗತೊಡಗಿತ್ತು.